ಡೈರಿಗೆ ಹಾಲು ಹಾಕಿದ ಮೇಲೆ

ಬೂದಿಗೆರೆಯ ನಮ್ಮ ಪುಟ್ಟ ಸಂಗೀತದ ಮನೆ ಮೊದಲು ರೇಷ್ಮೆಹುಳು ಸಾಕುತ್ತಿದ್ದ ಶೆಡ್ಡು. ಮುಂದಿನ ಶನಿವಾರಗಳ ಕಛೇರಿಗಳನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಕೊಳಲು, ವೀಣೆ, ತತ್ವಪದ ಎಂದು ಬರೆದು, ಸಮಯದ ಜಾಗದಲ್ಲಿ 'ಡೈರಿಗೆ ಹಾಲು ಹಾಕಿದ ಮೇಲೆ' ಎಂದು ಹಾಕುತ್ತೇನೆ. ಗಂಟೆ ಬರೆದಾಗಲೆಲ್ಲ ಕಛೇರಿ ಶುರುವಾಗುವ ಹೊತ್ತಿಗೆ ಅರ್ಧ ಊರು ಡೈರಿಯ ಸಾಲಿನಲ್ಲೇ ನಿಂತಿರುತ್ತಿತ್ತು.

ಕಳೆದ ವಾರ ಬೆಂಗಳೂರಿನಿಂದ ಬಂದ ಪಿಟೀಲು ವಿದ್ವಾಂಸರು ಹಲಗೆ ಓದಿ, "ಅಂದ್ರೆ ಎಷ್ಟೊತ್ತಿಗೆ?" ಎಂದು ಕೇಳಿದರು.

ಹಾಲಿನ ಕ್ಯಾನು ಹಿಡಿದು ಹೊರಟಿದ್ದ ಪಕ್ಕದ ಮನೆಯ ಅಜ್ಜಿ, "ಅದುನ್ನ ಹಸುನೇ ಕೇಳ್ಬೇಕು ಕಣಪ್ಪಾ" ಎಂದರು.

ವಿದ್ವಾಂಸರು ನಗುತ್ತಾ ಆ ಕ್ಯಾನು ಇಸಿದುಕೊಂಡು ಡೈರಿಗೆ ನಡೆದೇಬಿಟ್ಟರು. ಸಂಜೆ ಅವರು ನುಡಿಸುವಾಗ ಅಜ್ಜಿ ಖಾಲಿ ಕ್ಯಾನಿನ ಮೇಲೆ ತಾಳ ಹಾಕಿದರು.

ನಿನ್ನೆ ಅವರದೇ ಫೋನು. "ಮುಂದಿನ ತಿಂಗಳೂ ಬರ್ತೀನಿ."

"ಎಷ್ಟೊತ್ತಿಗೆ ಸಾರ್?"

"ಹಾಲು ಕರೆಯೋ ಹೊತ್ತಿಗೇ."