ಬಳೆಚೂರಿನ ಕೋಟು

ನೊಣವಿನಕೆರೆಯಲ್ಲಿ ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಸೀರೆಯ ಮೇಲೆ ಗಂಡಸರ ಹಳೇ ಕೋಟು ತೊಟ್ಟಿದ್ದಳು. ಅದರ ಅಂಚಿಗೆಲ್ಲ ಟೂರಿಂಗ್ ಟಾಕೀಸಿನವರು ಬಿಸಾಡಿದ ರೀಲಿನ ತುಂಡು, ಬೆನ್ನಿಗೆ ಸೋಡಾ ಮುಚ್ಚಳ, ಗುಂಡಿಗಳ ಜಾಗದಲ್ಲಿ ಉಜ್ಜಿ ಮಿರುಗಿಸಿದ ಕರಟದ ಬಿಲ್ಲೆ. ತೋಳಿನ ತುಂಬ ಗಾಜಿನ ಬಳೆಯ ಚೂರುಗಳನ್ನು ಸಾಲು ಸಾಲಾಗಿ ದಾರದಲ್ಲಿ ಬಿಗಿದಿದ್ದಳು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಆಸೆಯಾಗಿ ಒಂದು ಚೂರನ್ನು ಮುಟ್ಟಿ, “ಇಷ್ಟೊಂದು ಬಳೆ ಎಲ್ಲಿ ಸಿಕ್ಕಿದವು?” ಎಂದೆ.

“ಕೆರೆ ಏರಿ ಮ್ಯಾಲೆ ಕಣವ್ವ. ಗಂಡ ಸತ್ತೋರ ಬಳೆ ಅಲ್ಲೇ ಅಲ್ವಾ ಒಡೆಯೋದು. ಯಾರೂ ಮುಟ್ಟಾಕಿಲ್ಲ, ನಾನು ಆಯ್ಕತೀನಿ.”

ನನ್ನ ಕೈ ಸುಟ್ಟಂತೆ ಹಿಂದಕ್ಕೆ ಬಂತು. ಗೊತ್ತಿಲ್ಲದೆಯೇ ನನ್ನ ಬಳೆಗಳ ಮೇಲೆ ಸೆರಗು ಎಳೆದುಕೊಂಡಿದ್ದೆ. ಆಕೆ ಅದನ್ನು ನೋಡಿದಳು.

“ಈ ಹಸಿರೋವು ನನ್ನವು,” ಎಂದಳು. “ಕೈಗೆ ಹಾಕ್ಕಬ್ಯಾಡ ಅಂದ್ರು. ಕೋಟಿಗೆ ಹಾಕ್ಕಬ್ಯಾಡ ಅಂತ ಯಾರೂ ಅನ್ನಲಿಲ್ಲ.”

ಬಸ್ಸಿನಲ್ಲಿ ಆಕೆ ಕೂತದ್ದೇ ತಡ, ಪಕ್ಕದವಳು ಎದ್ದು ಹಿಂದೆ ಹೋದಳು. ಆ ಜಾಗವೊಂದೇ ಖಾಲಿ ಇತ್ತು. ನಾನು ತಿಪಟೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದೆ.