ಮೂರು ಹಲ್ಲಿನ ಹೂವು

ಇವತ್ತು ಮಧ್ಯಾಹ್ನ ಪಕ್ಕದ ಮನೆಯವರು ತಲೆಗೆ ಹಚ್ಚುವ ಗರುಗದ ಎಣ್ಣೆ ಕಾಸುತ್ತಿದ್ದರು. ಹಸಿ ಸೊಪ್ಪು ಕೊಬ್ಬರಿ ಎಣ್ಣೆಯಲ್ಲಿ ಬೇಯುವಾಗಿನ ಆ ವಾಸನೆ ನಿಮಗೂ ಗೊತ್ತಿರಬೇಕು. ಮೊದಲು ಮೂಗು ಮುಚ್ಚಿಕೊಳ್ಳೋಣ ಎನಿಸುತ್ತದೆ, ಆಮೇಲೆ ಇನ್ನೊಂದು ಸಲ ಎಳೆದುಕೊಳ್ಳೋಣ ಎನಿಸುತ್ತದೆ. ನಾನು ಕಿಟಕಿಯ ಹತ್ತಿರ ನಿಂತೇಬಿಟ್ಟೆ. ನನಗೆ ಆ ವಾಸನೆಯೆಂದರೆ ದೊಡ್ಡಪ್ಪ.

ದೊಡ್ಡಪ್ಪನ ತಲೆಗೂ ಎಣ್ಣೆಗೂ ಸಂಬಂಧವಿರಲಿಲ್ಲ. ಅಲ್ಲಿ ಕೂದಲೇ ಇರಲಿಲ್ಲ. ಹುಣಸೂರಿನ ಬಸ್ ಸ್ಟ್ಯಾಂಡ್ ಬಳಿ ಅವರದೊಂದು ವಾಚ್ ರಿಪೇರಿ ಅಂಗಡಿ. ನಾನು ಅವರ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲ, ಗಂಟೆ ನೋಡಲು ವಾಚೇ ಬೇಕೆನ್ನುವವರು ಕಮ್ಮಿಯಾಗಿದ್ದರು. ದೊಡ್ಡಪ್ಪ ಮಾತ್ರ ದಿನಾ ಬಾಗಿಲು ತೆಗೆದು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕರಿಯ ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚೆನ್ನಾಗಿಯೇ ಓಡುತ್ತಿದ್ದ ತಮ್ಮ ಗಡಿಯಾರವನ್ನು ಬಿಚ್ಚಿ ಜೋಡಿಸುತ್ತ ಕೂರುತ್ತಿದ್ದರು. ಆ ಗಾಜು ಹಿಡಿದು ಹಿಡಿದು ಒಂದು ಕಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಬಸ್ಸಿನಲ್ಲಿ ಎದುರು ಕೂತ ಹೆಂಗಸರು ತಪ್ಪು ತಿಳಿದು ಸೀಟು ಬದಲಾಯಿಸಿದ್ದೂ ಉಂಟು.

ಆ ವರ್ಷ ದೊಡ್ಡಮ್ಮನಿಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟಿತು, ಹಿಂದೆಯೇ ಕೂದಲೂ ಬಿಟ್ಟಿತು. ಮೊಣಕಾಲು ಮುಟ್ಟುತ್ತಿದ್ದ ಜಡೆ ಹಿಡಿಹಿಡಿಯಾಗಿ ಬಾಚಣಿಗೆಗೆ ಬಂತು. ನೆತ್ತಿ ಕಾಣತೊಡಗಿದ ಮೇಲೆ ಅವಳು ಹೊಸಿಲು ದಾಟುವುದನ್ನೇ ನಿಲ್ಲಿಸಿದಳು. ಚುಂಚನಕಟ್ಟೆಯಿಂದ ಅವಳ ಅಣ್ಣ ಮಗಳ ಮದುವೆಗೆ ಕರೆಯಲು ಬಂದಾಗಲೂ ಬಾಗಿಲ ಹಿಂದಿನಿಂದಲೇ ಮಾತಾಡಿದಳು.

"ನಾನ್ ಬರಾಕಿಲ್ಲ ಕಣಣ್ಣ. ಇವ್ರು ಬತ್ತಾರೆ."

ಅಣ್ಣ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಗರುಗದ ಎಣ್ಣೆ ಹಚ್ಚಿದರೆ ಕೂದಲು ಬರುತ್ತದೆಂದು ಯಾರೋ ಗಿರಾಕಿ ದೊಡ್ಡಪ್ಪನಿಗೆ ಹೇಳಿದರು. ಬಿಳಿ ಹೂವಿನ ಗಿಡ ಎಂಬುದಷ್ಟೇ ನಮಗಿದ್ದ ಗುರುತು. ನಾನೂ ಅವರೂ ಅಂಗಡಿಯ ಹಿಂದಿನ ಖಾಲಿ ಸೈಟಿಗೆ ನುಗ್ಗಿ, ಕಂಡದ್ದನ್ನೆಲ್ಲ ಕಿತ್ತು, ಚೀಲ ತುಂಬಿಸಿ, ಯುದ್ಧ ಗೆದ್ದವರ ಹಾಗೆ ಮನೆಗೆ ಬಂದೆವು. ದೊಡ್ಡಮ್ಮ ಚೀಲದೊಳಗೆ ಇಣುಕಿದಳು.

"ಇದು ಗಾಯಕ್ ಹಚ್ಚೋ ಸೊಪ್ಪು ಕಣ್ರೀ. ಗರುಗ ಅಲ್ಲ."

"ಅದೂ ಬಿಳಿ ಹೂವೇ ಅಲ್ವಾ?" ಎಂದರು ದೊಡ್ಡಪ್ಪ.

"ಬಿಳಿ ಪಂಚೆ ಉಟ್ಟೋರೆಲ್ಲ ಒಬ್ರೇನಾ? ಗರುಗ ನೀರಿರೋ ತಾವು ಬೆಳೀತದೆ. ನಮ್ಮೂರ್ ಕಾಲುವೆ ತಾವ ಬೇಕಾದಷ್ಟದೆ."

"ಅಂಗಾದ್ರೆ ನೀನೇ ಬಂದು ತೋರ್ಸು ಮತ್ತೆ."

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊರಡುವಾಗ ಅವಳು ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು ಬಾಗಿಲಲ್ಲಿ ನಿಂತಿದ್ದಳು. ನಮ್ಮ ದಡ್ಡತನದ ಮೇಲೆ ಅವಳಿಗೆ ಅಷ್ಟು ಗಟ್ಟಿ ನಂಬಿಕೆ. ಚುಂಚನಕಟ್ಟೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಸೆರಗು ಹಾರದಂತೆ ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು.

ಕಾಲುವೆ ಏರಿಯ ಮೇಲೆ, ಒಣ ಜಾಗದಲ್ಲಿ, ನಾವು ಚೀಲ ತುಂಬಿದ್ದ ಗಿಡವೇ ಇತ್ತು. ಕೆಳಗೆ ನೀರಿನ ಅಂಚಿಗೆ ಗರುಗ. ನಡುವೆ ಒಂದು ಮಾರು ದೂರ, ಅಷ್ಟೇ. ದೊಡ್ಡಮ್ಮ ಗರುಗದ ಎಲೆ ಕಿತ್ತು ಅಂಗೈಯಲ್ಲಿ ಹೊಸಕಿದಳು. ನೋಡುತ್ತಿದ್ದಂತೆ ಹಸಿರು ರಸ ಕಪ್ಪಿಗೆ ತಿರುಗಿತು. ದೊಡ್ಡಪ್ಪ ಎರಡು ಗಿಡದ ಹೂವನ್ನೂ ಕಿತ್ತು, ಜೇಬಿನಿಂದ ಐಗ್ಲಾಸ್ ತೆಗೆದು ಕಣ್ಣಿಗಿಟ್ಟುಕೊಂಡರು. ಹೂವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಲೇ ಇದ್ದರು.

"ಏನಾಯ್ತ್ರೀ?"

"ಈ ಗಾಯದ್ ಸೊಪ್ಪಿನ್ ದಳಕ್ಕೆ ಹಲ್ಲವೆ ಕಣಮ್ಮಿ. ಒಂದೊಂದ್ಕೂ ಮೂರು ಹಲ್ಲು, ವಾಚಿನ್ ಚಕ್ರಕ್ ಕೊಯ್ದಂಗೆ. ನಿನ್ ಗರುಗದ್ದು ಬರೀ ದಾರ, ದಾರದ್ ಎಳೆ." ಆಮೇಲೆ ಅವರ ದನಿ ಸಣ್ಣದಾಯಿತು. "ನಡುವೆ ಅರಿಶಿನದ ಬೊಟ್ಟು ಅದಲ್ಲ, ಅದು ಬೊಟ್ಟಲ್ಲ ಕಣೆ. ಎಲ್ಲ ಹೂವ. ಒಂದೊಂದೂ ಒಂದ್ ಹೂವ, ಐದೈದು ಮೂಲೆ. ಗರುಗದ್ರಲ್ಲೂ ಅಂಗೇ ಅವೆ, ಅದಕ್ಕೆ ನಾಕೇ ಮೂಲೆ. ಇಷ್ಟ್ ಸಣ್ಣದನ್ನ ಯಾವ ಕೈ ಮಾಡ್ತು?"

"ಎಲ್ಲಿ, ಕೊಡಿ ಇಲ್ಲಿ."

ಐಗ್ಲಾಸ್ ಇಟ್ಟುಕೊಳ್ಳಲು ಒಂದು ಕೈ ಬೇಕು, ಹೂವು ಹಿಡಿಯಲು ಇನ್ನೊಂದು. ಸೆರಗು ಹಿಡಿಯಲು ಕೈ ಉಳಿಯಲಿಲ್ಲ. ಅದು ಮೆಲ್ಲಗೆ ಹೆಗಲಿಗೆ ಜಾರಿತು. ಕಾಲುವೆಯ ಗಾಳಿಯಲ್ಲಿ ಅವಳ ನೆತ್ತಿಯ ಮೇಲೆ ಉಳಿದಿದ್ದ ನಾಲ್ಕು ಕೂದಲು ಅಲ್ಲಾಡುತ್ತಿದ್ದವು. ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ನಾನು ಸೆರಗೆತ್ತಲು ಕೈ ಚಾಚಿದೆ. ದೊಡ್ಡಪ್ಪ ನನ್ನ ಕೈ ಹಿಡಿದು ತಡೆದರು.

"ಅಯ್ಯೋ ದ್ಯಾವ್ರೇ," ಎಂದಳು ದೊಡ್ಡಮ್ಮ, ಹೂವಿನಿಂದ ಕಣ್ಣು ತೆಗೆಯದೆ. "ಒಂದ್ ಊರೇ ಅದಲ್ರೀ ಇದ್ರೊಳಗೆ!" ಆಮೇಲೆ ಗದ್ದೆಯ ಕಡೆ ತಿರುಗಿ, ಬೋಳುತಲೆಯಲ್ಲೇ ಕೂಗಿದಳು: "ಬನ್ರವ್ವಾ, ಬಂದು ನೋಡ್ರವ್ವಾ ಇಲ್ಲಿ!"

ಅವರು ಕೆಸರುಗಾಲಲ್ಲೇ ಏರಿ ಹತ್ತಿ ಬಂದರು. ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿದರು. ಒಬ್ಬಾಕೆ ತಾನು ನಿಂತ ನೆಲವನ್ನೊಮ್ಮೆ ನೋಡಿ, ಕಾಲನ್ನು ಪಕ್ಕಕ್ಕೆ ಎತ್ತಿಟ್ಟಳು. ಕಡೆಗೆ ನನ್ನ ಸರದಿ. ನಾನು ಏನು ಕಂಡೆನೆಂದು ಹೇಗೆ ಹೇಳಲಿ? ಉಗುರಿನಷ್ಟಗಲದ ಜಾಗದಲ್ಲಿ ಬಾಯಿ ತೆರೆದ ಹಳದಿ ಬಟ್ಟಲುಗಳು, ಒತ್ತೊತ್ತಾಗಿ, ಒಂದಕ್ಕೊಂದು ಜಾಗ ಬಿಟ್ಟುಕೊಟ್ಟು. ಹುಟ್ಟಿದಾಗಿನಿಂದ ತುಳಿದುಕೊಂಡು ಬಂದದ್ದು ಇದನ್ನು.

ಕೂದಲು ಬಂತೇ ಎಂದು ಕೇಳುತ್ತೀರಿ. ಬಂತು, ಅರ್ಧ ಬೆಳ್ಳಗೆ, ಗುಂಗುರಾಗಿ. ಅದು ಎಣ್ಣೆಯಿಂದಲೋ, ತಾನಾಗಿಯೋ ನನಗೆ ತಿಳಿಯದು. ಆದರೆ ಅದು ಬರುವ ಮೊದಲೇ ದೊಡ್ಡಮ್ಮ ಅಣ್ಣನ ಮಗಳ ಮದುವೆಗೆ ಹೋದಳು, ಚಪ್ಪರದ ಮುಂದೆ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದಳು.

ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಅಣ್ಣನ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ.

"ತಡಿ ಕಣವ್ವ, ನಿಮ್ ದೊಡ್ಡಪ್ಪನ್ ಗಾಜ್ ಹಿಡ್ಕಂಡು ಬೇಲಿ ತಾವ ಕುಂತಿವ್ನಿ," ಎಂದಳು. "ಇಲ್ಲೊಂದು ಊದಾ ಹೂವ ಅದೆ. ಅದೇ ಕುಲದ್ದೇ ಇರ್ಬೇಕು. ಇದಕ್ಕೆ ಸುತ್ತ ದಳಾನೇ ಇಲ್ಲ, ಬರೀ ಒಳಗಿನ ಜನ ಅವ್ರೆ. ಇದ್ಯಾವ್ದವ್ವ?"

"ಗೊತ್ತಿಲ್ಲ ದೊಡ್ಡಮ್ಮ."

"ನಂಗೂ ಗೊತ್ತಿಲ್ಲ," ಎಂದಳು, ಬಲು ಸಂತೋಷದಿಂದ. ಅವಳ ಉಸಿರು ಕೇಳಿಸುತ್ತಿತ್ತು. ಫೋನನ್ನು ಕಿವಿಗೆ ಹಿಡಿದುಕೊಂಡೇ ನಾನು ಹೊರಗೆ ಬಂದು, ಕಾಂಪೌಂಡಿನ ಬುಡದ ಪುಟ್ಟ ಬಿಳಿ ಹೂವಿನ ಮುಂದೆ ಮಂಡಿಯೂರಿದೆ.