ಮುಕ್ತಾ ಮಾಮಿ ಪಂಕ್ತಿಗೆ ಕೂತದ್ದು

ಡೊಂಬಿವಲಿಯ ನಮ್ಮ ಸೊಸೈಟಿಯ ಮುಕ್ತಾ ಮಾಮಿಗೆ ದಿನಕ್ಕೊಬ್ಬರಿಗಾದರೂ ಏನಾದರೂ ಕಲಿಸದಿದ್ದರೆ ಊಟ ಸೇರುವುದಿಲ್ಲ. ಇದು ಅವರ ಗಂಡ ಮುರಾರಿ ರಾಯರ ಮಾತು. ಉಡುಪಿಯಿಂದ ಮದುವೆಯಾಗಿ ಬಂದ ಮಾಮಿ ರಾಯರ ಹೋಟೆಲಿನ ಅಡುಗೆಮನೆ ಸುಧಾರಿಸುತ್ತಲೇ ಅಂಚೆ ಮೂಲಕ ಬಿ.ಎ. ಮುಗಿಸಿದವರು. ಈಗ ಸೊಸೈಟಿಯ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ, ಮರಾಠಿ ಸೊಸೆಯಂದಿರಿಗೆ ದೇವರನಾಮ, ನಿವೃತ್ತ ಗಂಡಸರಿಗೆ ಮೊಬೈಲಿನಲ್ಲಿ ಲೈಟ್ ಬಿಲ್ ಕಟ್ಟುವ ಪಾಠ. ಮಕ್ಕಳು ಮರಾಠಿಯಲ್ಲಿ ಉತ್ತರ ಕೊಟ್ಟರೆ ಮಾಮಿಗೆ ಕಿವಿ ಕೇಳುವುದಿಲ್ಲ. ಕನ್ನಡದಲ್ಲಿ ಪಿಸುಗುಟ್ಟಿದರೂ ಚಕ್ಕುಲಿ ಬರುತ್ತದೆ.

ಮಾಮಿಯ ನಾದಿನಿಯ ಮಗ ಮಧ್ವೇಶ ಐರೋಲಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕ. ಊರುಕೇರಿಯಲ್ಲಿ ಹೀಗೆ ಕಲಿಕೆ ನಡೆಸುವವರಿಗಾಗಿಯೇ ಒಂದು ಎಂ.ಎ. ಪದವಿ ರೂಪಿಸುವ ಕೆಲಸ ಅವನ ತಲೆಗೆ ಬಿತ್ತು. ಅವನು ರಜೆ ಸಿಕ್ಕಾಗಲೆಲ್ಲ ಮಾಮಿಯ ಮನೆಗೆ ಬಂದು, ನೀರುದೋಸೆ ತಿನ್ನುತ್ತಾ ಪ್ರಶ್ನೆ ಕೇಳುತ್ತಾ ಎರಡು ವರ್ಷದ ಪಠ್ಯಕ್ರಮವನ್ನು ಅವರ ಊಟದ ಮೇಜಿನ ಮೇಲೆಯೇ ಮುಗಿಸಿದ. ಮುಗಿದ ದಿನ ಮಾಮಿ ನೇರವಾಗಿ ಕೇಳಿದರು, "ನನಗೊಂದು ಸೀಟು ಕೊಡ್ತಿಯಾ?"

ಮಧ್ವೇಶ ನಕ್ಕ. ಮಾಮಿ ಪಾಠ ಮಾಡಲು ಬರಬೇಕಂತೆ, ಪಾಠ ಮಾಡುವವರು ಅಲ್ಲಿ ವಿದ್ಯಾರ್ಥಿ ಆಗುವಂತಿಲ್ಲವಂತೆ. ಮಾಮಿಗೆ ಸಿಟ್ಟು ನೆತ್ತಿಗೇರಿತು. ಬಿ.ಎ. ಮಾಡಿಯೂ ಕಾಲೇಜಿನ ಬೆಂಚಿನ ಮೇಲೆ ಒಂದು ದಿನ ಕೂತವರಲ್ಲ ಅವರು. ಸೊಸೈಟಿಯ ಕೃಷ್ಣಾಷ್ಟಮಿಯ ಊಟಕ್ಕೂ ಅದೇ ಕಥೆ: ಮಾಮಿ ಯಾವಾಗಲೂ ಬಡಿಸುವವರು, ಕೊನೆಗೆ ಸಾರಿನ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವರು. ಹೋದ ವರ್ಷ ಹಸಿವು ತಡೆಯದೆ ಹಿರಿಯರ ಪಂಕ್ತಿಯಲ್ಲಿ ಕೂತುಬಿಟ್ಟ ಮಧ್ವೇಶನನ್ನು ಎಬ್ಬಿಸಲು ಬಂದವರಿಗೆ, ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಎಂದು ಗದರಿದ್ದೂ ಮಾಮಿಯೇ.

ಪಾಠ ಮಾಡುವವರ ಆಯ್ಕೆಗೆ ಮೊದಲು ಕಾಲೇಜಿನ ಕಮಿಟಿಯ ಎದುರು ಮಾದರಿ ಪಾಠ ಮಾಡಬೇಕಿತ್ತು. ಕೆಟ್ಟದಾಗಿ ಮಾಡಿ ತಪ್ಪಿಸಿಕೊಳ್ಳುವುದೆಂದು ಮಾಮಿ ಲೆಕ್ಕ ಹಾಕಿದರು. ತಡವಾಗಿ ಹೋದರು. ಸಮಯದ ಹಂಗಿಲ್ಲದ ಕಲಿಕೆ ಎಂದು ವಿಭಾಗದ ಮುಖ್ಯಸ್ಥೆ ಮೆಚ್ಚಿದರು. ಮಾಮಿ ಬಾಯಿ ಬಿಡದೆ ಕೂತರು. ಕಲಿಯುವವರಿಗೆ ಬಿಟ್ಟುಕೊಟ್ಟ ಮೌನ ಎಂದು ಕಮಿಟಿಯವರು ಬರೆದುಕೊಂಡರು. ಬೇಸತ್ತು, ಲೋಕಲ್ ರೈಲಿನಲ್ಲಿ ಬಿಡಿಸಲೆಂದು ಒಯ್ದಿದ್ದ ಬಟಾಣಿಯನ್ನು ಮೇಜಿನ ಮೇಲೆ ಸುರಿದು ಬಿಡಿಸುತ್ತಾ ಕೂತರೆ, ಇಡೀ ಕಮಿಟಿ ಕುರ್ಚಿ ಎಳೆದುಕೊಂಡು ಬಟಾಣಿ ಬಿಡಿಸಿತು. ಇಂಥವರು ಎಲ್ಲಿ ಸಿಗುತ್ತಾರೆ ಎಂದರಂತೆ ಮುಖ್ಯಸ್ಥೆ. ಓದಿದವರ ಹತ್ತಿರ ನಾಪಾಸಾಗುವುದು ಇಷ್ಟು ಕಷ್ಟವೆಂದು ಮಾಮಿಗೆ ಗೊತ್ತಿರಲಿಲ್ಲ.

ನೇಮಕದ ಕಾಗದ ಬಂತು. ಇವತ್ತು ಸಹಿ, ನಾಳೆ ಸಹಿ ಎಂದು ಮಾಮಿ ದಿನ ತಳ್ಳಿದರು. ಅದೇ ಹೊತ್ತಿಗೆ, ಲೈಟ್ ಬಿಲ್ ಕಟ್ಟುವ ಮೊಬೈಲಿನಲ್ಲೇ ಎಂ.ಎ.ಗೆ ಅರ್ಜಿಯನ್ನೂ ತುಂಬಿದರು. ಕಾಲೇಜಿನ ಆಫೀಸಿನವರು ನೇಮಕದ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ನೋಡಲಿಲ್ಲ. ಸೀಟು ಸಿಕ್ಕಿತು.

ಮೊದಲ ತರಗತಿಯ ದಿನ ಮುಖ್ಯಸ್ಥೆ ಗುರುಗಳನ್ನು ಹುಡುಕುತ್ತಾ ಬಾಗಿಲಲ್ಲಿ ನಿಂತಿದ್ದರು. ಮಾಮಿ ಮೊದಲ ಬೆಂಚಿನಲ್ಲಿ ಹೊಸ ಪುಸ್ತಕ ಬಿಚ್ಚಿಟ್ಟು ಕೂತಿದ್ದರು. ಮಧ್ವೇಶ ಬೆವರುತ್ತಾ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮಾಮಿ, ಏಳಿ. ಪಾಠ ಮಾಡ್ಬೇಕಾದ್ದು ನೀವು."

"ಎಲೆ ಹಾಕಿ ಆಯ್ತು ಮಾರಾಯಾ," ಎಂದರು ಮಾಮಿ. "ಕೂತವರನ್ನು ಎಬ್ಬಿಸ್ಲಿಕ್ಕಿಲ್ಲ, ನಿನಗೇ ಗೊತ್ತುಂಟಲ್ಲ. ಇಷ್ಟು ವರ್ಷ ನಾನು ಬಡಿಸಿದೆ. ಇವತ್ತು ನೀನು ಬಡಿಸು."

ಮಧ್ವೇಶ ಮುಖ್ಯಸ್ಥೆಯನ್ನು ಹೊರಗೆ ಕರೆದು ಏನೋ ವಿವರಿಸಿ ಬಂದು, ತಾನೇ ಹಾಜರಿ ಕೂಗಿದ. ಅವನಿಗೆ ಅ ಆ ಇ ಈ ತಿದ್ದಿಸಿದ್ದ ಮಾಮಿ ಎದ್ದು ನಿಂತು "ಪ್ರೆಸೆಂಟ್ ಸರ್" ಎಂದರಂತೆ. ಅವರ ಕಣ್ಣು ಒದ್ದೆಯಾಗಿತ್ತು, ತನ್ನದೂ ಆಯಿತು ಎಂದು ಮಧ್ವೇಶನೇ ನಮ್ಮ ಹತ್ತಿರ ಒಪ್ಪಿಕೊಂಡ.

ಪಾಠ ಶುರುವಾದಾಗ ಹಿಂದಿನ ಬೆಂಚಿನವರು ಗುಸುಗುಸು ಮಾತಾಡುತ್ತಿದ್ದರು. ಗದರಿಸಲೆಂದು ತಿರುಗಿದ ಮಾಮಿಗೆ ಅರ್ಧದಲ್ಲಿ ನೆನಪಾಯಿತು. ಅವರೂ ಮಾತಿಗೆ ಸೇರಿಕೊಂಡರು.